ಕೋಡಿಯ ಮೇಲಿನ ಒಂದಡಿ

ನಮ್ಮೂರ ಕೆರೆಯ ಕೋಡಿಯನ್ನು ಒಂದಡಿ ಎತ್ತರಿಸಿದ್ದು ನಾನೇ. ಸಮಿತಿಯ ತೀರ್ಮಾನ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಆ ಸಮಿತಿಯ ಅಧ್ಯಕ್ಷೆ ನಾನು, ಅಲ್ಲಿ ನನಗೆ ಎದುರಾಡುವವರು ಕಡಿಮೆ.

ಅನುಗೊಂಡನಹಳ್ಳಿ ದಾಟಿದರೆ ನಮ್ಮೂರು. ಎರಡು ವರ್ಷ ಪ್ರತಿ ಭಾನುವಾರ ಊರೆಲ್ಲ ಸೇರಿ ಕೆರೆಯೊಳಗಿನ ಜಾಲಿ ಕಡಿದೆವು, ಹೂಳೆತ್ತಿ ಹೊಲಗಳಿಗೆ ಹೊಡೆದೆವು, ಕಾಲುವೆಯಲ್ಲಿ ಕಟ್ಟಿಕೊಂಡಿದ್ದ ಪ್ಲಾಸ್ಟಿಕ್ ಬಾಚಿದೆವು. ಕೊನೆಗೆ ಹನ್ನೆರಡು ಮೂಟೆ ಸಿಮೆಂಟ್ ಉಳಿಯಿತು. ಹೆಚ್ಚಾದ ನೀರು ಹೊರಗೆ ಹರಿಯುವ ಕೋಡಿಯ ಹಳೇ ಕಲ್ಲುಗಳ ಮೇಲೆ ಒಂದಡಿ ಗೋಡೆ ಎಬ್ಬಿಸಿದರೆ ಇನ್ನಷ್ಟು ನೀರು ನಿಲ್ಲುತ್ತದಲ್ಲ ಎಂದು ನನಗೆ ಹೊಳೆಯಿತು.

ಬೇಡ ಎಂದವನು ಬಚ್ಚಪ್ಪ ಒಬ್ಬನೇ. ಅವನ ಮನೆಯವರು ತಲೆತಲಾಂತರದಿಂದ ನೀರುಗಂಟಿಗಳು, ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವರು.

"ಮುನಿರತ್ನಮ್ಮೋರೇ, ಕೋಡಿ ಮುಟ್ಬೇಡಿ. ಅದು ನಮ್ಮೊಬ್ರುದಲ್ಲ."

"ನೀರು ಜಾಸ್ತಿ ನಿಂತ್ರೆ ನಿಂಗೇನಪ್ಪಾ ಹೊಟ್ಟೆಕಿಚ್ಚು?" ಎಂದೆ. ಅವನು ಟವೆಲ್ ಕೊಡವಿಕೊಂಡು ಎದ್ದುಹೋದ.

ನಮ್ಮ ಕೋಡಿ ಹರಿದರೆ ಆ ನೀರು ಎರಡು ಮೈಲಿ ಕೆಳಗಿನ ಊರಿನ ಕೆರೆ ಸೇರುತ್ತದೆ. ಗಂಗಮ್ಮನನ್ನು ಗಂಡನ ಮನೆಗೆ ಕಳಿಸುವುದು ಎನ್ನುತ್ತೇವೆ. ಮಗಳಿಗೆ ಕೊಡುವ ಹಾಗೆಯೇ ಅಕ್ಕಿ, ಬೆಲ್ಲ, ಅರಿಶಿನ ಕುಂಕುಮ, ರವಿಕೆ ಕಣ ಮೊರದಲ್ಲಿಟ್ಟುಕೊಂಡು ಕಾಲುವೆಯುದ್ದಕ್ಕೂ ನಡೆದು, ಕೆಳಗಿನೂರ ಹೆಂಗಸರಿಗೆ ಮಡಿಲು ತುಂಬಿ ಬರುವುದು ಪದ್ಧತಿ. ಗೋಡೆ ಎದ್ದ ಮೇಲೆ ಎರಡು ಮಳೆಗಾಲ ಕೋಡಿ ಹರಿಯಲಿಲ್ಲ, ಮೊರ ಅಟ್ಟದಿಂದ ಇಳಿಯಲಿಲ್ಲ. ನನಗೆ ಅದು ನೆನಪೂ ಆಗಲಿಲ್ಲ. ನನ್ನ ಮಗಳು ಮಾನಸಳನ್ನು ಕೊಟ್ಟಿರುವುದು ಆ ಊರಿಗೇ.

ಈ ಸಲ ಮಳೆ ಚೆನ್ನಾಗಿ ಹೊಡೆದು, ನೀರು ಗೋಡೆಯ ಅಂಚಿಗೆ ನಾಲ್ಕು ಬೆರಳು ಕೆಳಗೆ ಬಂದು ನಿಂತಿತು. ಬಂದು ನೋಡು ಎಂದು ಮಗಳಿಗೆ ಫೋನ್ ಮಾಡಿ, ಕೋಳಿ ಸಾರು ಮಾಡಿಟ್ಟೆ. ಅವಳು ಸ್ಕೂಟರ್ ಇಳಿದವಳೇ ಕೆರೆ ಏರಿಯ ಮೇಲೆ ಹೋಗಿ ನಿಂತಳು.

"ನಾವೂ ಎರಡು ವರ್ಷದಿಂದ ಕೆರೆ ಕೆಲ್ಸ ಮಾಡ್ತಿದೀವಮ್ಮಾ. ಹಕ್ಕಿ ಬರ್ಲಿ ಅಂತ ಅಂಚಿಗೆಲ್ಲ ಜೊಂಡು ನೆಟ್ವಿ. ಈಗ ಅದಕ್ಕೆ ಬಿಂದಿಗೇಲಿ ನೀರು ಹೊರ್ತಿದೀವಿ."

"ಮಳೆ ಬಂತಲ್ಲೇ?"

"ಅದ್ರಿಂದ ತಳ ಒದ್ದೆಯಾಯ್ತು, ಅಷ್ಟೇ. ನಮ್ ಕೆರೆ ತುಂಬ್ಸೋ ನೀರನ್ನ ನೀನು ಕಟ್ಟಾಕ್ಕೊಂಡಿದೀಯ."

ಊಟ ಮಾಡಿಕೊಂಡು ಹೋಗು ಎಂದೆ. ಹಸಿವಿಲ್ಲ ಎಂದಳು. ಕುಂಕುಮವನ್ನೂ ಇಟ್ಟುಕೊಳ್ಳದೆ ಹೊರಟಳು. ತವರಿಗೆ ಬಂದ ಮಗಳು ಉಣ್ಣದೆ ಹೋದದ್ದು ಅದೇ ಮೊದಲು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಮರುದಿನ ಬಚ್ಚಪ್ಪನ ಮನೆಗೆ ಹೋದೆ. ಅವನು ಕೆರೆಯ ಹಿನ್ನೀರಿನ ಕಡೆಗೆ ಕರೆದುಕೊಂಡು ಹೋದ.

"ಇಲ್ಲಿ ಪಾದ ಮುಳುಗೋಷ್ಟು ನೀರಿರ್ತಿತ್ತು, ಕೊಕ್ಕರೆ ಮೇಯ್ತಿದ್ವು. ಈಗ ಮೊಣಕಾಲು ದಾಟೈತೆ. ಅವೇನು ಬಾತುಕೋಳಿನಾ, ಈಜಾಡೋಕೆ?"

ಒಂದು ಕೊಕ್ಕರೆಯೂ ಇರಲಿಲ್ಲ. ಅತಿಯಾಸೆ ಗತಿಕೇಡು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಗೋಡೆ ಒಡೆದುಬಿಡೋಣ ಎಂದಾಗ ಸಮಿತಿಯ ಕಾರ್ಯದರ್ಶಿ ವಸಂತ್ ಬೆಚ್ಚಿಬಿದ್ದ. "ನೀರು ತುಂಬಿರೋವಾಗ ಒಡೆಯೋದಾ ಅಕ್ಕಾ? ಜನ ಉಗೀತಾರೆ."

"ಉಗೀಲಿ ಬಿಡೋ. ಕಟ್ಸಿದ್ದು ಮುನಿರತ್ನಮ್ಮ ಅಂತ ಹೇಳು."

ಜನ ಉಗಿದರು ಕೂಡ. ಕೇಳಿಸಿಕೊಂಡೇ ಮೊದಲ ಏಟು ನಾನು ಹಾಕಿದೆ. ಬಚ್ಚಪ್ಪ ಪಕ್ಕದಲ್ಲಿ ನಿಂತು, ಹಳೇ ಕಲ್ಲಿಗೆ ಉಳಿ ತಾಗದಂತೆ ಸಿಮೆಂಟನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಕೀಳಿಸಿದ. ಮಧ್ಯಾಹ್ನದ ಹೊತ್ತಿಗೆ ನೀರು ಕಲ್ಲುಗಳ ಮೇಲೆ ಹರಿದು ಕಾಲುವೆಗೆ ಬಿತ್ತು. ನಾನು ಮೊರ ತೊಳೆದು ಮಡಿಲಕ್ಕಿ ಹಾಕಿಕೊಂಡು ಹಿಂದೆಯೇ ನಡೆದೆ.

ಕೆಳಗಿನ ಕೆರೆಯ ಬಾಯಲ್ಲಿ ಮಾನಸ ಬಿಂದಿಗೆ ಹಿಡಿದು ನಿಂತಿದ್ದಳು. ನೀರು ಕಸಕಡ್ಡಿ ತಳ್ಳಿಕೊಂಡು ಬಂದು, ಬಾಡಿದ ಜೊಂಡಿನ ಬುಡಕ್ಕೆ ನುಗ್ಗಿತು. ಅವಳು ಬಿಂದಿಗೆ ಕೆಳಗಿಟ್ಟು ಸೆರಗು ಒಡ್ಡಿದಳು. ನಾನು ಮೊರದಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದೆ.

"ತಪ್ಪಾಯ್ತು ಕಣೇ," ಎಂದೆ.

ಅವಳು ನನ್ನ ಕೈಯಿಂದ ಖಾಲಿ ಮೊರ ತೆಗೆದುಕೊಂಡಳು.

"ನಡಿಯಮ್ಮಾ, ಮುದ್ದೆ ಆರೋಗತ್ತೆ."

ಅವತ್ತು ನಾನು ಎರಡು ಮುದ್ದೆ ಉಂಡೆ.