ಸಿದರಾಯರ ಸಂಘದ ಕಂಪ್ಯೂಟರ್ ಸಹಿ ಕೇಳಿತು

ಬೋರಗಾಂವದ ಕುರಿ ಸಾಕುವವರ ಸಂಘಕ್ಕೆ ಸ್ವಂತ ಕಂಪ್ಯೂಟರ್ ಇದೆ. ಇದನ್ನು ಅಧ್ಯಕ್ಷ ಸಿದರಾಯ ಯಾರಿಗೆ ಹೇಳಿಲ್ಲ, ಅದನ್ನು ಕೇಳಿ. ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದ್ದಾರೆ, ನಿಪ್ಪಾಣಿ ಪೇಟೆಯಲ್ಲಿ ಚಹಾ ಕೊಟ್ಟವನಿಗೂ ಹೇಳಿದ್ದಾರೆ. ಯಾರ ಮನೆಯ ಯಾವ ಕುರಿಗೆ ಯಾವ ಲಸಿಕೆ ಯಾವಾಗ ಬಿತ್ತು ಎಂಬುದೆಲ್ಲ ಅದರೊಳಗಿದೆ. ಅಷ್ಟೂ ಮಾಹಿತಿಯನ್ನು ಜೋಪಾನವಾಗಿಟ್ಟು, ಕೇಳಿದಾಗ ತೆಗೆದುಕೊಡುವ ತಂತ್ರಾಂಶಕ್ಕೆ ಡೇಟಾಬೇಸ್ ಸರ್ವರ್ ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವವಳು ಸಿದರಾಯರ ಸೊಸೆ ಕೋಮಲ.

ಈ ಮಾತು ರಾಯಬಾಗದವರೆಗೂ ಹೋಗಿ, ಅಲ್ಲಿನ ಸಂಘದವರು ಮರುದಿನ ನೋಡಲು ಬರುವವರಿದ್ದರು. ಸಿದರಾಯ ಹೊಸ ಪಟಕಾ ತಲೆಗೆ ಸುತ್ತಿ ನೋಡಿ ಆಗಿತ್ತು. ಬಂದವರ ಮುಂದೆ ಹಳೆಯ ತಂತ್ರಾಂಶವೇಕೆ ಎಂದು, ಸರ್ವರ್‌ಗೆ ಬಂದಿದ್ದ ಅಪ್‌ಡೇಟ್ ಇವತ್ತೇ ಹಾಕಬೇಕೆಂದು ಹಟ ಹಿಡಿದರು. ಆ ಫೈಲನ್ನು ಕೋಮಲ ಹಿಂದಿನ ವಾರವೇ ಕಂಪನಿಯ ಜಾಲತಾಣದಿಂದ ಇಳಿಸಿಟ್ಟಿದ್ದಳು. ಮೊದಲು ಇದ್ದ ಮಾಹಿತಿಯ ಇನ್ನೊಂದು ಪ್ರತಿ, ಅಂದರೆ ಬ್ಯಾಕಪ್, ತೆಗೆದಳು, ಸರ್ವರ್ ನಿಲ್ಲಿಸಿದಳು, ಅಪ್‌ಡೇಟ್ ಶುರು ಮಾಡಿದಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಫೈಲಿನ ಡಿಜಿಟಲ್ ಸಹಿ ಪರಿಶೀಲನೆ ವಿಫಲ. ಹೊಸದು ಒಳಗೆ ಹೋಗಲಿಲ್ಲ, ಕೆಲಸ ಅರ್ಧಕ್ಕೇ ಉಳಿದದ್ದರಿಂದ ನಿಂತ ಸರ್ವರ್ ಮತ್ತೆ ಏಳಲೂ ಇಲ್ಲ.

"ಏನಂತೈತಿ ಇದು?" ಸಿದರಾಯ ಪರದೆಯ ಹತ್ತಿರ ಬಗ್ಗಿದರು.

"ಫೈಲ ಮಾಡಿದ ಕಂಪನಿಯವ್ರು ಅದಕ್ಕ ತಮ್ಮ ಸಹಿ ಹಾಕಿರ್ತಾರ್ರಿ ಮಾವಾರ. ಅದು ಖರೇ ಅನ್ನೂದು ಗೊತ್ತಾದ ಮ್ಯಾಲ ನಮ್ಮ ಕಂಪ್ಯೂಟರ್ ಒಳಗ ಬಿಡತೈತಿ. ಈಗ ನಂಬಾಕ ವಲ್ಲೆ ಅನ್ನಾಕತ್ತೈತಿ."

"ನಾಳೆ ಮಂದಿ ಮುಂದ ಖಾಲಿ ಟಿವಿ ತೋರಸ್ಲೇನು? ನನ್ನ ಮಾನ ಹೋತು ಬಿಡು."

ಅಷ್ಟರಲ್ಲಿ ಸಿದರಾಯರ ತಂಗಿಯ ಮಗ ಸುರಜ ಬಂದ. ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಎಲ್ಲದಕ್ಕೂ ಅವನ ಜೇಬಿನಲ್ಲಿ ಉಪಾಯ ಇರುತ್ತದೆ.

"ಟೆನ್ಶನ್ ಘೇವೂ ನಕಾ ಮಾಮಾ, ಚಿಂತಿ ಬ್ಯಾಡ. ಆ ಸಹಿ ನೋಡೂದನ್ನ ಬಂದ್ ಮಾಡಿದ್ರ ಆತು. ಇಲ್ಲಾಂದ್ರ ನನ್ನ ಪೆನ್‌ಡ್ರೈವ್‌ನ್ಯಾಗ ಬ್ಯಾರೆ ಫೈಲ ಐತಿ, ಝಟ್‌ಪಟ್ ಕೂಡತೈತಿ."

"ಎಲ್ಲಿಂದ ತಂದ್ರಿ ಅದನ್ನ?" ಎಂದು ಕೋಮಲ ಕೇಳಿದಳು.

"ವಾಟ್ಸಪ್ ಗ್ರೂಪಿನ್ಯಾಗ ಬಂದಿತ್ತು ವೈನಿ. ಎಲ್ಲಾರೂ ಹಾಕ್ಕೊಳ್ಳಾಕತ್ತಾರ."

ಅವನು ಪೆನ್‌ಡ್ರೈವ್ ಹಿಡಿದು ಮುಂದೆ ಬಂದ. ಕೋಮಲ ಅದನ್ನು ಚುಚ್ಚುವ ಜಾಗಕ್ಕೆ ಅಂಗೈ ಅಡ್ಡ ಇಟ್ಟಳು.

"ಕೈ ತಗಿ ಕೋಮಲ. ಹಾಕ್ಲಿ ಬಿಡು," ಎಂದರು ಮಾವ.

"ಮಾವಾರ, ಒಂದ ಮಾತ ಕೇಳ್ತೀನ್ರಿ. ನಮ್ಮ ಕುರಿ ಬ್ಯಾರೆ ಹಿಂಡಿನ್ಯಾಗ ಕೂಡಿದ್ರ, ಇದು ನಿಮ್ದ ಒಯ್ರಿ ಅಂತ ಯಾರರೆ ಅಂದ್ರ ಹೊಡ್ಕೊಂಡು ಬರ್ತೀರೇನು?"

"ಹೆಂಗ ಬರ್ಲಿ? ಕಿವಿ ಕೊಯ್ದ ಗುರುತು ನೋಡ್ತೀನಿ."

"ಗುರುತು ಕಾಣ್ಲಿಲ್ಲಂದ್ರ?"

"ಕಿವಿಗೆ ರಾಡಿ ಹತ್ತಿರ್ತೈತಿ. ಒರಸಿ ನೋಡ್ತೀನಿ." ಇಷ್ಟು ಹೇಳಿ ಸಿದರಾಯ ಸುರಜನ ಕೈಯತ್ತ ನೋಡಿದರು. ಅರವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಕುರಿ ಕಾಯ್ದವರು. ಸೊಸೆ ಎಲ್ಲಿಗೆ ತಂದು ನಿಲ್ಲಿಸಿದಳು ಎಂಬುದು ತಿಳಿಯಿತು. "ಹಂಗಾರ ಒರಸವಾ. ನೋಡೂಣು," ಎಂದರು.

ಕೋಮಲ ಒರೆಸತೊಡಗಿದಳು. ಪ್ರತಿ ಫೈಲಿಗೂ ಅದರದೇ ಆದ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ತನ್ನ ಫೋನಿನಲ್ಲಿ ಕಂಪನಿಯ ಜಾಲತಾಣ ತೆರೆದು ಅಲ್ಲಿ ಕೊಟ್ಟ ಸಂಖ್ಯೆಯನ್ನು ತನ್ನ ಫೈಲಿನದಕ್ಕೆ ಹೋಲಿಸಿದಳು. ಅಕ್ಷರಕ್ಕೆ ಅಕ್ಷರ ಕೂಡಿತು. ಫೈಲು ಅರ್ಧ ಇಳಿದಿಲ್ಲ, ಕೆಟ್ಟಿಲ್ಲ. ಅದೇ ಜಾಲತಾಣವನ್ನು ಕಂಪ್ಯೂಟರಿನಲ್ಲಿ ತೆರೆದರೆ ಅಲ್ಲಿ "ಇದು ನಂಬಿಕೆಗೆ ಅರ್ಹವಲ್ಲ" ಎಂದು ಬಂತು. ಬ್ಯಾಂಕಿನದು ತೆರೆದಳು, ಅಲ್ಲೂ ಅದೇ ಮಾತು.

"ಊರಾಗಿನ ಎಲ್ಲಾರೂ ಕಳ್ಳರಾಗಾಕ ಬರೂದಿಲ್ರಿ. ತಪ್ಪು ನಮ್ಮ ಮನ್ಯಾಗ ಐತಿ," ಎಂದು ಪರದೆಯ ಮೂಲೆಯತ್ತ ಕಣ್ಣು ಹಾಯಿಸಿದಳು. ಅಲ್ಲಿ ಹೋದ ವರ್ಷದ ದೀಪಾವಳಿಯ ತಾರೀಖು ಕುಳಿತಿತ್ತು.

ಸಿದರಾಯ ಪಟಕಾ ಸರಿಮಾಡಿಕೊಂಡರು. "ನಾನ ಮಾಡಿದ್ದವಾ. ಹೋದ ವರ್ಷ ಲಸಿಕಿ ಹಾಕಿದ್ದು ಬರಿಯೂದು ಉಳದಿತ್ತು. ಇದು ಬರದ ದಿನದ್ದ ತಾರೀಖ ಹಿಡಿತೈತಿ. ಅದಕ್ಕ ನಿನ್ನೆ ತಾರೀಖ ಹಿಂದ ಸರಿಸಿ ಬರದೆ. ಮುಂದ ತರೂದು ಮರತೆ."

ಸಹಿ ಅಸಲಿ ಎಂದು ಸಾರುವ ಪ್ರಮಾಣಪತ್ರ ಈ ವರ್ಷದ್ದು, ಜಾಲತಾಣಗಳದೂ ಹಾಗೇ. ಹೋದ ವರ್ಷದಲ್ಲಿ ಕೂತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟಿಯೇ ಇರಲಿಲ್ಲ, ಪಾಪ, ಅದಾದರೂ ಹೇಗೆ ನಂಬೀತು? ಕೋಮಲ ತಾರೀಖು, ಸಮಯ ಸರಿ ಮಾಡಿ ಮತ್ತೆ ಅಪ್‌ಡೇಟ್ ಒತ್ತಿದಳು. ಸಹಿ ಸರಿಯಿದೆ ಎಂದು ಬಂತು. ಚಹಾ ಕುದಿಯುವಷ್ಟರಲ್ಲಿ ಸರ್ವರ್ ಎದ್ದು ಕೂತಿತು. ಹಳೆಯ ಲಸಿಕೆಯ ತಾರೀಖು ಬರೆಯಲು ಬೇರೆ ಜಾಗ ಮಾಡಿಕೊಡಿ ಎಂದು ತಂತ್ರಾಂಶ ಮಾಡಿಕೊಟ್ಟವರಿಗೆ ಆಗಲೇ ಫೋನ್ ಹಚ್ಚಿದಳು. ಸುರಜ ಪೆನ್‌ಡ್ರೈವ್ ಜೇಬಿಗಿಟ್ಟುಕೊಂಡು ಚಹಾಕ್ಕೆ ಕೂತ.

ಮರುದಿನ ರಾಯಬಾಗದವರು ಬಂದರು. ಹೊಸ ಪಟಕಾ ಸುತ್ತಿದ ಸಿದರಾಯ ನಡೆದದ್ದರಲ್ಲಿ ಒಂದನ್ನೂ ಮುಚ್ಚಿಡದೆ, ತಮ್ಮ ತಪ್ಪನ್ನೂ ಸೇರಿಸಿ ಹೇಳಿದರು. ಬಂದವರಲ್ಲಿ ಹಿರಿಯರಾದ ವಿಠೋಬಾ ಕೇಳಿದರು, "ಆ ಸಹಿ ನೋಡೂದನ್ನ ಬಂದ್ ಮಾಡಾಕ ಬರತೈತಿ ಅಂತಾರಲ್ರಿ, ಖರೇನ?"

"ಬರತೈತ್ರಿ. ಆದ್ರ ನಮ್ಮ ಸಂಘದಾಗ ಬರೂದಿಲ್ಲ. ನನ್ನ ಸೊಸಿ ಕೈ ಅಡ್ಡ ಇಡ್ತಾಳ." ಹಾಗೆಂದು ತಮ್ಮ ಅಧ್ಯಕ್ಷರ ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದು ಕೋಮಲಳನ್ನು ಕೂರಿಸಿ, ತಾವು ನಿಂತುಕೊಂಡೇ ತೋರಿಸಿದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹಾಲಿನ ಡೇರಿ, ಪತ್ತಿನ ಸಂಘ, ಶಾಲೆಯ ಕಂಪ್ಯೂಟರಿನಲ್ಲೂ ಇಂಥ ಮಾತು ಬರಬಹುದು. ಗಾಬರಿ ಬೇಡ, ಪರಿಶೀಲನೆ ಬಂದ್ ಮಾಡುವುದಂತೂ ಬೇಡವೇ ಬೇಡ. ಮೊದಲು ತಾರೀಖು ನೋಡಿ. ಆಮೇಲೆ ಫೈಲು ಎಲ್ಲಿಂದ ಬಂತು ಎಂದು ನೋಡಿ, ಅನುಮಾನವಿದ್ದರೆ ಅಳಿಸಿ, ಮಾಡಿದ ಕಂಪನಿಯಿಂದಲೇ ಮತ್ತೆ ಇಳಿಸಿ. ಕಂಪ್ಯೂಟರ್ ಬಹಳ ಹಳೆಯದಾಗಿದ್ದರೆ ಅದರ ಸ್ವಂತ ಅಪ್‌ಡೇಟ್‌ಗಳನ್ನೂ ಹಾಕಿ. ಅಷ್ಟಕ್ಕೂ ಸರಿಹೋಗದಿದ್ದರೆ ತಿಳಿದವರನ್ನು ಕೇಳುವವರೆಗೆ ಕಾಯಿರಿ. ಬ್ಯಾಕಪ್ ಇದ್ದರೆ ಕಾಯುವುದು ಕಷ್ಟವಲ್ಲ. ನಿಮ್ಮ ಸಂಘದಲ್ಲಿ ಅಂಗೈ ಅಡ್ಡ ಇಡುವವರು ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಇವತ್ತಿನಿಂದ ನೀವೇ ಇಡಿ.