ಉಂಗುರದ ನಡುವಿನ ಚುಕ್ಕೆ

ಮೂವತ್ತೆಂಟು ತುಂಬಿದ ಮೇಲೂ ಅವಳನ್ನು ಪಾಪು ಎಂದು ಕರೆಯುತ್ತಿದ್ದವರು ಸೋದರಮಾವ ಒಬ್ಬರೇ. ಉಳಿದವರೆಲ್ಲ ಅವಳ ವಯಸ್ಸಿಗೆ ಮರ್ಯಾದೆ ಕೊಟ್ಟು ಆ ಹೆಸರನ್ನು ಎಂದೋ ಕೈಬಿಟ್ಟಿದ್ದರು.

ಪಾಪು ಹಲ್ಲು ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ದಂತವೈದ್ಯರು ಕಳಿಸಿದ ಅಚ್ಚನ್ನು ಎದುರಿಗಿಟ್ಟುಕೊಂಡು, ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಸಣ್ಣ ಕುಂಚದಿಂದ ಪದರದ ಮೇಲೆ ಪದರ ಹಚ್ಚಿ ಹಲ್ಲು ಕಟ್ಟಬೇಕು. ಆಮೇಲೆ ಕುಲುಮೆಯಲ್ಲಿಟ್ಟು ಸುಡಬೇಕು. ಬಿಳಿ ಎಂದರೆ ಒಂದೇ ಬಿಳಿ ಎಂದುಕೊಂಡವರಿಗೆ ಅವಳ ಮೇಜಿನ ಮೇಲಿದ್ದ ಹದಿನಾರು ಮಾದರಿ ಹಲ್ಲುಗಳನ್ನು ತೋರಿಸಬೇಕಿತ್ತು. ಐವತ್ತು ದಾಟಿದ, ಸಿಗರೇಟು ಸೇದುವ ಗಂಡಸಿಗೆ ಹದಿಹರೆಯದ ಹುಡುಗಿಯ ಹಲ್ಲು ಕೂರಿಸಿದರೆ ಅವನು ನಕ್ಕಾಗಲೆಲ್ಲ ಜನ ಆ ಒಂದು ಹಲ್ಲಿನ ಜೊತೆಗೇ ಮಾತಾಡುತ್ತಾರೆ ಎಂದು ಅವಳು ಹೇಳುತ್ತಿದ್ದಳು.

ಮಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವರು. ನಿವೃತ್ತಿಗೆ ಎಷ್ಟೋ ಮೊದಲೇ, ತಾವಾಗಿಯೇ ಹನ್ನೆರಡು ಅಂಗುಲದ ಕನ್ನಡಿಯೊಂದನ್ನು ಉಜ್ಜಿ ದೂರದರ್ಶಕ ಕಟ್ಟಿದ್ದರು. ಒಂದು ಪೀಪಾಯಿಯ ಮೇಲೆ ದಪ್ಪ ಗಾಜಿನ ಬಿಲ್ಲೆಯಿಟ್ಟು, ಮರಳಿನಂಥ ಪುಡಿಯೂ ನೀರೂ ಹಾಕಿ, ಇನ್ನೊಂದು ಬಿಲ್ಲೆಯಿಂದ ಉಜ್ಜುತ್ತ ಪೀಪಾಯಿಯ ಸುತ್ತ ಎರಡು ಚಳಿಗಾಲ ಸುತ್ತಿದರಂತೆ. ಅಷ್ಟು ದೂರ ನೆಟ್ಟಗೆ ನಡೆದಿದ್ದರೆ ಸಮುದ್ರ ಸಿಕ್ಕಿರುತ್ತಿತ್ತು ಎಂದು ಅತ್ತೆ ನಗುತ್ತಿದ್ದರು. ಅತ್ತೆ ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಮಾವ ಒಬ್ಬರೇ ಇದ್ದರು. ದೂರದರ್ಶಕ ತಾರಸಿಯ ಮೇಲೆ, ತಗಡಿನ ಗೂಡಿನಲ್ಲಿ ಇತ್ತು.

ಒಂದು ಭಾನುವಾರ ಮಾವ ಫೋನು ಮಾಡಿ, ಚಿತ್ರ ಬರೆಯುವ ಸಾಮಾನು ತೆಗೆದುಕೊಂಡು ಬಾ ಎಂದರು. ಹೋದಾಗ ವಿಷಯ ತಿಳಿಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೀಪದ ಕಂಬ ಕಾಣುತ್ತದೆ, ಚಂದ್ರ ಕಾಣುತ್ತಾನೆ, ದೊಡ್ಡ ನಕ್ಷತ್ರಗಳು ಬೆಳಕಿನ ಮುದ್ದೆಗಳಾಗಿ ಕಾಣುತ್ತವೆ. ಅದಕ್ಕಿಂತ ಮಂಕಾದದ್ದು ಯಾವುದೂ ಇಲ್ಲ. ಆಪರೇಷನ್ ಮಾಡಿಸಿಕೊಳ್ಳಿ, ಈಗ ಅದು ಅರ್ಧ ಗಂಟೆಯ ಕೆಲಸ ಎಂದು ಅವಳೆಂದರೆ ಮಾವ ಮಾತು ಹಾರಿಸಿದರು. ನಲವತ್ತು ವರ್ಷ ಬೇರೆಯವರ ಕಣ್ಣಿಗೆ ಗಾಜು ಕೊಟ್ಟವರಿಗೆ ತಮ್ಮ ಕಣ್ಣಿಗೆ ಯಾರಾದರೂ ಕೈಹಚ್ಚುತ್ತಾರೆಂದರೆ ಭಯ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಅವರು ಕೇಳಿದ್ದು ಇಷ್ಟು: ದೂರದರ್ಶಕದಲ್ಲಿ ಕಂಡದ್ದನ್ನು ಅವಳು ನೋಡಿ ಬರೆಯಬೇಕು. ಆ ಚಿತ್ರವನ್ನು ಬೆಳಿಗ್ಗೆ ದೀಪದ ಕೆಳಗೆ ಭೂತಗಾಜು ಹಿಡಿದು ತಾವು ನೋಡುತ್ತಾರೆ. ಒಂದೇ ಕರಾರು, ಪುಸ್ತಕದಲ್ಲಾಗಲಿ ಫೋನಿನಲ್ಲಾಗಲಿ ತಾನು ನೋಡಲಿರುವುದರ ಚಿತ್ರಗಳನ್ನು ಅವಳು ಹುಡುಕಕೂಡದು.

"ಮೊದಲು ನೋಡು, ಆಮೇಲೆ ತಿಳ್ಕೊ" ಎಂದರು. "ತಿಳ್ಕೊಂಡು ನೋಡಿದ್ರೆ ತಿಳಿದಿದ್ದೇ ಕಾಣ್ಸುತ್ತೆ."

ಹೀಗೆ ಶುರುವಾಯಿತು. ಶನಿವಾರ ರಾತ್ರಿ ಅವಳು ಕಪ್ಪು ಕಾಗದ, ಬಿಳಿ ಪೆನ್ಸಿಲು, ಸೀಮೆಸುಣ್ಣದ ಪುಡಿ, ಲ್ಯಾಬಿನಲ್ಲಿ ಸವೆದುಹೋದ ಕುಂಚಗಳನ್ನು ಚೀಲಕ್ಕೆ ಹಾಕಿಕೊಂಡು ತಾರಸಿ ಹತ್ತುತ್ತಿದ್ದಳು. ಮೊದಲ ಅರ್ಧ ಗಂಟೆ ಏನೂ ಮಾಡುವಂತಿಲ್ಲ. ಕಣ್ಣು ಕತ್ತಲೆಗೆ ಒಗ್ಗಬೇಕು. ಕೆಳಗೆ ಲಾಂಡ್ರಿಯ ಯಂತ್ರಗಳು ಗುಂಯ್ ಎನ್ನುತ್ತಿದ್ದವು, ಒಗೆದ ಬಟ್ಟೆಯ ಬೆಚ್ಚನೆ ವಾಸನೆ ಮೇಲಕ್ಕೆ ಬರುತ್ತಿತ್ತು. ಆ ವಾಸನೆಯಲ್ಲೇ ಆಕಾಶ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಖಾಲಿ ಎಂದುಕೊಂಡಿದ್ದ ಕಡೆ ಒಂದು ನಕ್ಷತ್ರ, ಅದರ ಪಕ್ಕ ಎರಡು, ಆಮೇಲೆ ಎಣಿಸುವುದನ್ನೇ ಬಿಡುವಷ್ಟು.

ಮೊದಲ ಚಿತ್ರ ಒಂದು ನಕ್ಷತ್ರಗುಚ್ಛದ್ದು. ಬೆಳಿಗ್ಗೆ ಮಾವ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡಿ, ಉಪ್ಪಿನ ಡಬ್ಬಿ ಉರುಳಿಸಿದ್ದೀಯ ಎಂದರು. ಎಲ್ಲಿ ದಟ್ಟ, ಎಲ್ಲಿ ತೆಳು, ಅಂಚು ಎಲ್ಲಿ ಮುಗಿಯುತ್ತದೆ, ನಿಜಕ್ಕೂ ಮುಗಿಯುತ್ತದೆಯೋ ಇಲ್ಲ ನಿನಗೆ ಸಾಕಾಯಿತೋ ಎಂದು ಒಂದೊಂದಾಗಿ ಕೇಳಿದರು. ಅವಳು ಮುಂದಿನ ಶನಿವಾರ ಅದನ್ನೇ ಮತ್ತೆ ಬರೆದಳು.

ಮಂಕಾದದ್ದನ್ನು ನೇರ ನೋಡಿದರೆ ಅದು ಓಡಿಹೋಗುತ್ತದೆ ಎಂದು ಮಾವ ಕಲಿಸಿದರು. ಅದರ ಪಕ್ಕದಲ್ಲಿ ಎಲ್ಲೋ ಕಣ್ಣಿಟ್ಟು, ನಿನ್ನ ಕಡೆ ನನಗೆ ಗಮನವೇ ಇಲ್ಲ ಎಂಬಂತೆ ಕೂತರೆ ತಾನಾಗಿ ಬರುತ್ತದೆ. ಪಾಪುವಿಗೆ ಇದು ಬೇಗ ಕೈಹತ್ತಿತು. ಕಪ್ಪಿನೊಳಗೆ ಇನ್ನೂ ಕಪ್ಪಿದೆ, ಬೂದಿಯೊಳಗೆ ಹತ್ತು ಬೂದಿಯಿದೆ ಎನ್ನುವುದು ಅವಳಿಗೆ ಹೊಸದಾಗಿರಲಿಲ್ಲ. ಸೀಮೆಸುಣ್ಣದ ಪುಡಿಯನ್ನು ಒಣ ಕುಂಚದಿಂದ ಮುಟ್ಟಿಯೂ ಮುಟ್ಟದ ಹಾಗೆ ಸವರುತ್ತಿದ್ದಳು. ಎಷ್ಟೋ ಸಲ ಕಾಗದ ಎಲ್ಲಿ, ಆಕಾಶ ಎಲ್ಲಿ ಎಂಬುದೇ ಮರೆತು, ಕುಂಚ ತಾರಸಿಯಾಚೆಗೂ ಚಾಚಿಕೊಂಡಿದೆ ಅನಿಸುತ್ತಿತ್ತು. ಸೋಮವಾರ ಲ್ಯಾಬಿನಲ್ಲಿ ಕೂತಾಗ ಕೈಯಲ್ಲಿದ್ದ ಬಾಚಿಹಲ್ಲು ತೀರ ಗಟ್ಟಿಯಾಗಿ, ತೀರ ಹತ್ತಿರವಾಗಿ ಕಾಣುತ್ತಿತ್ತು.

ಬೇಸಿಗೆಯ ಒಂದು ರಾತ್ರಿ ಮಾವ ನೆತ್ತಿಯ ಮೇಲಿನ ಬೆಳ್ಳನೆ ನಕ್ಷತ್ರವೊಂದನ್ನು ತೋರಿಸಿ, ಅದರ ಕೆಳಗಿನ ಎರಡು ನಕ್ಷತ್ರಗಳ ನಡುವೆ ಕೊಳವೆ ತಿರುಗಿಸು ಎಂದರು. ಅಲ್ಲಿ ಹೊಗೆಯ ಉಂಗುರವೊಂದು ತೂಗುತ್ತಿತ್ತು. ಯಾರೋ ಈಗ ತಾನೇ ಊದಿ ಬಿಟ್ಟಂತೆ, ಸ್ವಲ್ಪ ಮೊಟ್ಟೆಯಾಕಾರ. ಏನಿದು ಎಂದು ಕೇಳಿದರೆ, ಸಾಯುತ್ತಿರುವ ನಕ್ಷತ್ರ ಕಳಚಿ ಎಸೆದ ಹೊದಿಕೆ ಎಂದಷ್ಟೇ ಹೇಳಿ ಮಾವ ಕುರ್ಚಿಗೆ ಒರಗಿದರು.

ಎರಡು ಶನಿವಾರ ಬರೆದರೂ ಮಾವ ಮತ್ತೆ ಅದನ್ನೇ ಬರೆಸಿದರು. ಮೂರನೆಯ ಸಲ ಗಾಳಿ ನಿಂತಿತ್ತು. ಲಾಂಡ್ರಿಯೂ ರಜೆ. ನಕ್ಷತ್ರಗಳು ಮಿನುಗುವುದನ್ನೇ ಬಿಟ್ಟು ತೂಗುಹಾಕಿದ ಹಾಗೆ ನಿಂತಿದ್ದವು. ಅವಳು ಹೆಚ್ಚು ದೊಡ್ಡದಾಗಿ ತೋರಿಸುವ ಗಾಜು ಹಾಕಿ, ಒಂದು ಗಂಟೆಯ ಮೇಲೆ ಕಣ್ಣು ತೆಗೆಯದೆ ಕೂತಳು. ಉಂಗುರದ ಒಳಗಿನ ತೆಳು ಮಬ್ಬಿನ ನಟ್ಟನಡುವೆ ಸೂಜಿಮೊನೆಯಷ್ಟು ಏನೋ ಇದ್ದಂತಾಯಿತು. ಇಲ್ಲ. ಮತ್ತೆ ಬಂತು, ಒಂದು ಉಸಿರಿನಷ್ಟು ಹೊತ್ತು ನಿಂತಿತು, ಹೋಯಿತು. ಮೂರು ಸಲ ಹೀಗಾದ ಮೇಲೆ ಪೆನ್ಸಿಲು ಚೂಪು ಮಾಡಿ ಆ ಜಾಗದಲ್ಲಿ ಒಂದು ಚುಕ್ಕೆಯಿಟ್ಟು, ಪಕ್ಕದಲ್ಲಿ 'ಮೂರು ಸಲ, ಖಾತ್ರಿಯಿಲ್ಲ' ಎಂದು ಬರೆದಳು.

ಬೆಳಿಗ್ಗೆ ಆ ಚಿತ್ರದ ಮೇಲೆ ಓಡುತ್ತಿದ್ದ ಭೂತಗಾಜು ತಟ್ಟನೆ ನಿಂತಿತು. ಮಾವ ಬಹಳ ಹೊತ್ತು ಹಾಗೇ ಬಗ್ಗಿಕೊಂಡಿದ್ದರು. ನಂತರ ಮಂಚದ ಕೆಳಗಿನಿಂದ ಒಂದು ರಟ್ಟಿನ ಫೈಲು ಎಳೆದು, ಹಳೆಯ ಹಾಳೆಯೊಂದನ್ನು ಅವಳ ಮುಂದಿಟ್ಟರು. ಅದೇ ಉಂಗುರ, ನಡುವೆ ಅದೇ ಚುಕ್ಕೆ, ಮೂಲೆಯಲ್ಲಿ ಮಾವನ ಹೆಸರು. ಇಪ್ಪತ್ತೆರಡು ವರ್ಷದ ಹಿಂದಿನ ತಾರೀಕು.

ಆಗ ಮಾವ ಊರಿನ ನಕ್ಷತ್ರ ನೋಡುವವರ ಕ್ಲಬ್ಬಿನಲ್ಲಿದ್ದರು. ಚಿತ್ರವನ್ನು ಅಲ್ಲಿ ತೋರಿಸಿದಾಗ, ಗಡಿಯಾರ ರಿಪೇರಿ ಮಾಡುತ್ತಿದ್ದ ಕಾರ್ಯದರ್ಶಿ ಎಲ್ಲರ ಎದುರು, ಈ ಅಳತೆಯ ಕನ್ನಡಿಯಲ್ಲಿ ಉಂಗುರದ ನಡುವಿನ ಆ ಸಾಯುವ ನಕ್ಷತ್ರ ಕಾಣುವುದು ಕಷ್ಟ, ನೀವು ದೊಡ್ಡ ದೂರದರ್ಶಕಗಳ ಫೋಟೋ ನೋಡಿ ಇಟ್ಟ ಚುಕ್ಕೆ ಇದು ಎಂದುಬಿಟ್ಟರು. ಮಾವ ಹಾಳೆ ಎತ್ತಿಕೊಂಡು ಬಂದವರು ಮತ್ತೆ ಆ ಕಡೆ ತಲೆಹಾಕಲಿಲ್ಲ. ಚಿತ್ರ ಬರೆಯುವುದನ್ನೂ ಬಿಟ್ಟರು.

ಪಾಪುವಿಗೆ ಮೈ ಉರಿಯಿತು. ಎರಡೂ ಹಾಳೆಗಳನ್ನು ಆ ಗಡಿಯಾರದವರ ಮುಖದ ಮುಂದೆ ಹಿಡಿಯುತ್ತೇನೆ, ನಾನು ಯಾವ ಫೋಟೋವನ್ನೂ ನೋಡಿದವಳಲ್ಲ ಎಂದು ಚೀಲ ತೆಗೆದುಕೊಂಡಳು. ಮಾವ ಅವಳ ಮೊಣಕೈ ಹಿಡಿದರು.

"ಕೂತ್ಕೊ ಪಾಪು. ಅದನ್ನ ನಾನು ನೋಡಿಲ್ಲ."

ಅವಳು ಕೂತಳು.

"ನಿಮ್ಮ ಅತ್ತೆ ನೋಡಿದ್ಳು. ಸುಮ್ನೆ ಮೇಲೆ ಬಂದಿದ್ಳು, ನನ್ನ ಊಟಕ್ಕೆ ಕರೆಯೋಕೆ. ಒಂದು ಸಲ ಕಣ್ಣಿಟ್ಟು, ಮಧ್ಯದಲ್ಲಿ ಒಂದು ಗುಳ್ಳೆ ಇದೆಯಲ್ರೀ ಅಂದ್ಳು. ಅವಳು ಯಾವ ಪುಸ್ತಕ ನೋಡಿದ್ಳು ಹೇಳು? ನಾನು ಆಮೇಲೆ ಎಷ್ಟು ರಾತ್ರಿ ಕೂತೆ ಅಂತೀಯ. ನನಗೆ ಕಾಣ್ಸಲೇ ಇಲ್ಲ."

ಅತ್ತೆ ಬಾಟಲಿ ಕಾರ್ಖಾನೆಯಲ್ಲಿದ್ದವರು. ದೀಪದ ಎದುರು ಸಾಲಾಗಿ ಸಾಗುವ ಗಾಜಿನಲ್ಲಿ ಗುಳ್ಳೆ, ಕೂದಲೆಳೆಯ ಬಿರುಕು ಹುಡುಕಿ ಪಕ್ಕಕ್ಕೆ ತೆಗೆಯುವುದೇ ಇಪ್ಪತ್ತು ವರ್ಷ ಅವರ ಕೆಲಸ. ಅವರ ಕಣ್ಣು ತಪ್ಪಿಸಿ ಒಂದು ಗುಳ್ಳೆಯೂ ಆಚೆ ಹೋಗುತ್ತಿರಲಿಲ್ಲವಂತೆ.

"ಹಾಗಾದ್ರೆ ಅತ್ತೆ ಹೆಸರನ್ನೇ ಹಾಕ್ಬಹುದಿತ್ತಲ್ಲ, ಮಾವ?"

ಮಾವ ಭೂತಗಾಜನ್ನು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಒರೆಸಿದರು.

"ಹೊಟ್ಟೆಕಿಚ್ಚು" ಎಂದರು. "ಎರಡು ವರ್ಷ ಕನ್ನಡಿ ಉಜ್ಜಿದ್ದು ನಾನು. ಊಟಕ್ಕೆ ಕರೆಯೋಕೆ ಬಂದವಳಿಗೆ ಕಂಡುಬಿಡ್ತು. ಹೆಸರು ನನ್ನದು ಹಾಕ್ಕೊಂಡೆ. ಅವಳು ಯಾವತ್ತೂ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿತ್ತು."

ಹೊರಗೆ ಯಾರೋ ಮಹಡಿ ಮೆಟ್ಟಿಲು ಗುಡಿಸುತ್ತಿದ್ದರು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅತ್ತೆ ಒಂದು ಕಣ್ಣು ಮುಚ್ಚಿಕೊಂಡು, ಕೈಗೆ ಹಿಟ್ಟೋ ಸೋಪೋ ಅಂಟಿರುವಾಗಲೇ, ಆ ಕೊಳವೆಗೆ ಬಗ್ಗಿ ನಿಂತದ್ದು ಕಣ್ಣಿಗೆ ಕಟ್ಟಿತು. ಎರಡು ಸಾವಿರ ವರ್ಷ ದಾರಿ ನಡೆದು ಬಂದ ಬೆಳಕು ಆ ಹೊತ್ತಿಗೆ ಸರಿಯಾಗಿ ಅವರ ಕಣ್ಣೊಳಗೆ ಇಳಿದು, ಗುಳ್ಳೆ ಅನ್ನಿಸಿಕೊಂಡಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮಾವ ಪೆನ್ನು ಕೇಳಿದರು. ಹಳೆಯ ಹಾಳೆಯ ಮೂಲೆಯಲ್ಲಿ ತಮ್ಮ ಹೆಸರಿನ ಮೇಲೊಂದು ಗೆರೆಯೆಳೆದು, ತಡವರಿಸುತ್ತ ಅತ್ತೆಯ ಹೆಸರು ಬರೆದರು. ಅದರ ಕೆಳಗೆ, ಕಂಡದ್ದು ಇವರಿಗೆ, ಕೈ ಮಾತ್ರ ನನ್ನದು ಎಂದು ಸೇರಿಸಿದರು. ಅಕ್ಷರಗಳು ಸೊಟ್ಟಗಿದ್ದವು. ಈಗ ತೆಗೆದುಕೊಂಡು ಹೋಗು ಎಂದವರು, ಮತ್ತೆ ಯೋಚಿಸಿ ತಾವೇ ಚಪ್ಪಲಿ ಮೆಟ್ಟಿದರು.

ಗಡಿಯಾರದವರು ಈಗ ಅಂಗಡಿಯನ್ನು ಮಗಳಿಗೆ ಬಿಟ್ಟು ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಎರಡೂ ಹಾಳೆಗಳನ್ನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ಗಾಜಿನಿಂದಲೇ ನೋಡಿದರು. ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವತ್ತು ನೀವಂದದ್ದರಲ್ಲಿ ಅರ್ಧ ಸತ್ಯವಿತ್ತು, ನಾನು ಕಂಡವನಲ್ಲ ಎಂದರು. ಗಡಿಯಾರದವರು ಅದಕ್ಕೆ ಗೆದ್ದ ಮುಖ ಮಾಡಲಿಲ್ಲ. ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮನೆಯವರು ನನಗೆ ನೆನಪಿದ್ದಾರೆ" ಎಂದರು. "ಮೀಟಿಂಗ್ ಮುಗಿಯೋವರೆಗೂ ಹೊರಗೆ ಮೆಟ್ಟಿಲ ಮೇಲೆ ಕೂತಿರ್ತಿದ್ರು. ಒಳಗೆ ಬನ್ನಿ ಅಂತ ನಾವ್ಯಾರೂ ಕರೀಲಿಲ್ಲ."

 ಮುಂಭಾಗದ ಅಂಗಡಿಯಲ್ಲಿ ಹತ್ತಾರು ಗಡಿಯಾರಗಳು ಹತ್ತಾರು ಹೊತ್ತು ಹೇಳುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಹೊರಡುವಾಗ ಗಡಿಯಾರದವರು, ಹಾಳೆಯನ್ನು ಕ್ಲಬ್ಬಿನ ಗೋಡೆಗೆ ಹಾಕಿಸುತ್ತೇನೆ, ಒಂದು ದಿನ ಬಂದು ನಾನೂ ಆ ಚುಕ್ಕೆ ಹುಡುಕಲೇ ಎಂದು ಕೇಳಿದರು. ಹೇಳಿದಂತೆಯೇ ಒಂದು ಶನಿವಾರ ಬಂದು ಎರಡು ಗಂಟೆ ಕೂತರು. ಕಾಣಲಿಲ್ಲ. ಆದರೂ ಕಾಣಲಿಲ್ಲವೆಂದು ದಿನಾಂಕ ಸಮೇತ ಪುಸ್ತಕದಲ್ಲಿ ಬರೆದುಕೊಂಡು, ತೃಪ್ತಿಯಿಂದಲೇ ಇಳಿದು ಹೋದರು.

ಆ ವಾರವೇ ಮಾವ ಕಣ್ಣಿನ ಆಸ್ಪತ್ರೆಗೆ ನಡೆದರು. ಯಾರೂ ಒತ್ತಾಯ ಮಾಡಿರಲಿಲ್ಲ. ಒಳಗೆ ಹೋಗುವ ಮುಂಚೆ ಪಾಪುವಿನ ಕೈಯನ್ನು ಮಗುವಿನ ಹಾಗೆ ಬಿಗಿಯಾಗಿ ಹಿಡಿದುಕೊಂಡಿದ್ದರು, ಅಷ್ಟೆ.

ಕಣ್ಣಿಗೆ ನೀರು ತಾಗಬಹುದು ಎಂದು ಡಾಕ್ಟರು ಹೇಳಿದ ಮೇಲಿನ ಮೊದಲ ತಿಳಿರಾತ್ರಿ ಇಬ್ಬರೂ ತಾರಸಿಗೆ ಹೋದರು. ಉಂಗುರದ ಕಡೆ ತಿರುಗಿಸಲೇ ಎಂದು ಪಾಪು ಕೇಳಿದಳು. ಬೇಡ ಎಂದರು ಮಾವ. ಅಲ್ಲೇ ಹತ್ತಿರದಲ್ಲಿ ಬರಿಗಣ್ಣಿಗೆ ಒಂದೇ ಆಗಿ ಕಾಣುವ, ಗಾಜಿನಲ್ಲಿ ಎರಡಾಗುವ ನಕ್ಷತ್ರವೊಂದಿತ್ತು. ಅದನ್ನು ಹುಡುಕಿ ಕಣ್ಣಿಟ್ಟವರು ಹಾಗೇ ಉಳಿದರು.

"ಒಂದು ಬಂಗಾರದ ಬಣ್ಣ" ಎಂದರು. "ಇನ್ನೊಂದು ನೀಲಿ. ಇದು ಇಷ್ಟು ನೀಲಿ ಅಂತ ನನಗೆ ಮರೆತೇಹೋಗಿತ್ತು, ಪಾಪು."

ಅವಳು ಕೆಳಗಿಳಿದು ನೀರಿನ ಬಣ್ಣ, ದಪ್ಪ ಕಾಗದ ತಂದಳು. ಮಾವ ಇಪ್ಪತ್ತೆರಡು ವರ್ಷದ ಮೇಲೆ ಕುಂಚ ಹಿಡಿದರು. ಕತ್ತಲೆಗೆ ಒಗ್ಗಿದ ಕಣ್ಣು ಕೆಡದಿರಲೆಂದು ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಲ್ಲಿ ಯಾವ ಬಣ್ಣ ಯಾವುದು ಎಂದು ತಿಳಿಯುತ್ತಿರಲಿಲ್ಲ. ಡಬ್ಬಿಯಲ್ಲಿ ನೀಲಿ ಎಷ್ಟನೆಯದು ಎಂದು ಅವಳು ಎಣಿಸಿ ಹೇಳಿದಳು. ಮಾವ ಒಂದು ಸಲ ನೋಡುವರು, ಒಂದು ಸಲ ಹಚ್ಚುವರು. ತನ್ನ ಸರದಿ ಬಂದಾಗ ಅವಳೂ ಕಣ್ಣಿಟ್ಟಳು. ಅವಳಿಗೆ ಆ ನೀಲಿ ಅಷ್ಟು ಗಾಢವಾಗಿ ಕಾಣಲಿಲ್ಲ. ಜಾಸ್ತಿಯಾಯಿತೇನೋ ಮಾವ ಎಂದಳು.

"ಇರ್ಲಿ" ಎಂದರು ಮಾವ. "ಪೊರೆ ತೆಗೆದ್ಮೇಲೆ ನನಗೆ ಅಷ್ಟು ನೀಲಿಯಾಗೇ ಕಾಣ್ತಿರೋದು."

ಕಾಗದದ ಮೇಲೆ ಇಬ್ಬನಿ ಇಳಿದಿತ್ತು. ಒದ್ದೆಯಲ್ಲಿ ನೀಲಿ ಸ್ವಲ್ಪ ಸ್ವಲ್ಪವೇ ಹರಡಿ ಬಂಗಾರದ ಕಡೆಗೆ ಹೋಗುತ್ತಿತ್ತು. ಒರೆಸಲು ಕೈ ಚಾಚಿದವಳು ಹಿಂದೆಗೆದಳು. ಅದು ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ ಎಂದು ಇಬ್ಬರೂ ಪಕ್ಕ ಪಕ್ಕ ಕೂತು ನೋಡುತ್ತಿದ್ದರು.