ಸಂಕೇತಕ್ಕೊಂದು ಉದಾಹರಣೆ

ಗೈಡು ಅಚ್ಚು ಹಾಕುವ ಆ ಕಚೇರಿಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದ ಹುಡುಗಿಗೆ ಹತ್ತನೇ ತರಗತಿಯ ‘ಕಥೆಯ ಅಂಗಗಳು’ ಅಧ್ಯಾಯ ಬರೆಯುವ ಕೆಲಸ ಬಂದಿತ್ತು. ಪಾತ್ರ, ಸಂಘರ್ಷ, ವ್ಯಂಗ್ಯ, ಉಪಮೆ ಎಲ್ಲ ಸಲೀಸಾಗಿ ಮುಗಿದು, ಸಂಕೇತದ ಹತ್ತಿರ ಗಾಡಿ ನಿಂತಿತು. ಪಾರಿವಾಳವೆಂದರೆ ಶಾಂತಿ ಎಂದು ಬರೆದುಕೊಟ್ಟದ್ದನ್ನು ಸಂಪಾದಕರು ಕನ್ನಡಕದ ಮೇಲಿನಿಂದ ನೋಡಿದರು.

“ಈ ಪಾರಿವಾಳಕ್ಕೆ ವಯಸ್ಸಾಯ್ತಮ್ಮ, ಪಾಪ, ಪಿಂಚಣಿ ಕೊಟ್ಟು ಕಳಿಸು. ಜೀವ ಇರೋದೇನಾದ್ರೂ ತಾ. ಸಂಜೆಯೊಳಗೆ ಪುಟ ಕಟ್ಟಬೇಕು.”

ಬಾಯಿಬಿಟ್ಟರೆ ಮುತ್ತು ಉದುರೀತೆಂಬಂತೆ ಇರುವವಳು ಅವಳು, ಮಾತೆಲ್ಲ ಡೈರಿಗೇ. ಚೀಲದಿಂದ ಅದನ್ನು ತೆಗೆದು, ಒಂದು ಪುಟ ನೋಡಿಕೊಂಡು ಬರೆದಳು: ‘ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಪ್ರತಿ ಭಾನುವಾರ ಅವನ ನೀಲಿ ಗೀಟಿನ ಅಂಗಿ ಒಗೆದು, ಬೀದಿಗೆ ಕಾಣುವಂತೆ ತಂತಿಗೆ ಹಾಕುತ್ತಾಳೆ. ಅಂಗಿ ಯಾವುದರ ಸಂಕೇತ?’ ಕೆಳಗೆ ಉತ್ತರ: ‘ಅವನು ಮರಳಿ ಬರುವನೆಂಬ ಆಸೆಯ ಸಂಕೇತ.’

ಸಂಪಾದಕರು ಭೇಷ್ ಎಂದರು. ಕರಡು ಎರಡು ಸಲ ಅವಳ ಕೈಗೇ ಬಂತು. ಎರಡು ಸಲವೂ ಕಾಗುಣಿತವನ್ನಷ್ಟೇ ತಿದ್ದಿದಳು. ಹೆಸರು ಹಾಕಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ?

ಗೊತ್ತಾಗುವವರು ಇದ್ದದ್ದು ಅಕ್ಕನ ಮನೆಯಲ್ಲೇ. ಭಾವ ಮನೆ ಬಿಟ್ಟು ಎರಡು ವರ್ಷವಾದದ್ದು ತಂಗಿಯೊಬ್ಬಳಿಗೇ ತಿಳಿದಿತ್ತು. ಕಟ್ಟಡದವರ ಪಾಲಿಗೆ ಆತ ಪರವೂರಿನ ಕೆಲಸದಿಂದ ವಾರಕ್ಕೊಮ್ಮೆ ಬಂದುಹೋಗುತ್ತಿದ್ದ. ಅದೇ ಕಟ್ಟಡದ ಏಳು ಮಕ್ಕಳಿಗೆ ಅಕ್ಕ ಮನೆಪಾಠ ಹೇಳುತ್ತಿದ್ದಳು. ತಂಗಿ ಬರೆದ ಗೈಡೆಂದು ಹೆಮ್ಮೆಯಿಂದ ಏಳು ಪ್ರತಿ ತರಿಸಿದ್ದಳು.

ಗೈಡು ಬಂದ ವಾರ ಗುಬ್ಬಿ ಹೋದಾಗ ಅಕ್ಕ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ನಿನ್ನೆ ಆ ಪುಟ ಓದಿಸಿದೆ. ‘ನಿಮ್ಮನೇಲೂ ನೀಲಿ ಗೀಟಿನ ಅಂಗಿ ಒಣಗ್ತಿರುತ್ತಲ್ಲ ಮಿಸ್’ ಅಂದ್ಲು ಮೇಲಿನ ಮನೆ ಹುಡುಗಿ. ಉಳಿದವರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ.”

“ಅಕ್ಕಾ, ನಾನು...”

“ಇರು, ಪಾಠ ಮುಗಿಸ್ತೀನಿ. ನಿನ್ನ ಉತ್ತರ ತಪ್ಪು ಕಣೇ. ಆಸೆಯಂತೆ, ಎಲ್ಲಿಯ ಆಸೆ. ಅವರು ಮನೆ ಬಿಟ್ಟ ವಾರಾನೇ ಕೆಳಗಿನ ಮನೆಯವನು ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ತಟ್ಟಿದ್ದ, ಸಕ್ಕರೆ ಇದೆಯಾ ಅಂತ. ಮನೇಲಿ ಗಂಡಸಿದ್ದಾನೆ ಅಂತ ಅವನಿಗೆ ಕಾಣ್ಲಿ ಅಂತ ಅಂಗಿ ತಂತಿಗೆ ಹಾಕ್ದೆ. ನಿನ್ನ ಭಾವ ಬರದಿದ್ರೇನೇ ನಂಗೆ ನೆಮ್ಮದಿ.”

“ನಂಗೆ ಹೇಳ್ಲೇ ಇಲ್ಲ.”

“ನೀನು ಕೇಳಿದ್ಯಾ? ನೋಡ್ಕೊಂಡು ಹೋಗಿ ಬರ್ಕೊಂಡೆ.”

ಕ್ಷಮಿಸು ಎನ್ನಲು ಆ ಹೊತ್ತಿನಲ್ಲೂ ಅವಳಿಗೆ ಬಾಯಿ ಬರಲಿಲ್ಲ. ಅಂದಿದ್ದರೂ ಏನು? ಆಡಿದ ಮಾತನ್ನಾದರೆ ಹಿಂತೆಗೆದುಕೊಳ್ಳಬಹುದು. ಇದು ಅಚ್ಚಾಗಿ ಅಂಗಡಿ ಸೇರಿತ್ತು.

ಹೊರಟಾಗ ಅಕ್ಕ ಬಾಗಿಲವರೆಗೆ ಬಂದಳು, ತಂಗಿ ಚಪ್ಪಲಿ ಮೆಟ್ಟುವವರೆಗೆ ನಿಂತಳು. ಗುಬ್ಬಿ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಚಿಲಕ ಬಿದ್ದ ಸದ್ದಾಯಿತು. ಅದರ ಬೆನ್ನಿಗೇ ಇನ್ನೊಂದು. ಆ ಬಾಗಿಲಿಗೆ ಕಳೆದ ವಾರದವರೆಗೂ ಇದ್ದದ್ದು ಒಂದೇ ಚಿಲಕ.